‘ವರೆಗೆ’ ಅನ್ನೋ ಒಂದು ಪದ

ರಜೆಯ ಭಾನುವಾರ. ಮಗನ ಆಟಕ್ಕೆ ಬರಬೇಕಿದ್ದ ಗೆಳೆಯ ಕೈಕೊಟ್ಟ. "ಅಮ್ಮಾ, ಒಂದು ಗಂಟೆ ಕೂತ್ಕೋ" ಅಂತ ನನ್ನನ್ನೇ ಎಳೆದು ಕೂರಿಸಿದ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ಒಬ್ಬ ಕಥೆ ಹೇಳ್ತಾನೆ, ಉಳಿದವರು ಅದರೊಳಗಿನ ಪಾತ್ರಗಳು. ಗೆದ್ದೆವೋ ಸೋತೆವೋ ಅನ್ನೋದನ್ನ ದಾಳ ಹೇಳುತ್ತೆ. ಕಥೆ ಹೇಳುವವನು ಮಗ. ಹನ್ನೊಂದು ವರ್ಷದ ಮಗಳು ಕತ್ತಿ ಹಿಡಿದ ಯೋಧೆ. ನಾನು ಮಂತ್ರವಾದಿ. ಮಗ ನಿಯಮ ವಿವರಿಸ್ತಾ ಇದ್ದಾಗ ಆಫೀಸಿನ ಮೆಸೇಜು ಬಂತು. ಹೂಂಗುಟ್ಟುತ್ತಾ ಉತ್ತರ ಟೈಪ್ ಮಾಡಿದೆ.

ಎದುರಿಗೆ ಅಗಲವಾದ, 40 ಅಡಿ ಆಳದ ಕಂದರ. ಮಗಳ ಮೇಲೆ ‘ಫ್ಲೈ’ ಮಂತ್ರ ಹಾಕಿದೆ. ಅವಧಿ 10 ನಿಮಿಷ. ಆಟದ ಒಂದು ಸುತ್ತು ಅಂದ್ರೆ 6 ಸೆಕೆಂಡು, ಅಂದ್ರೆ 100 ಸುತ್ತು! ಧಾರಾಳವಾಯ್ತು ಅಂದ್ಕೊಂಡೆ. ಅವಳು 60 ಅಡಿ ಹಾರಿದಳು. ಅಷ್ಟರಲ್ಲಿ ಆಚೆ ದಡದಲ್ಲಿ ಗಾಬ್ಲಿನ್‌ಗಳು ಬಂದವು. ಮಗಳನ್ನು ಕಾಪಾಡಬೇಕಲ್ಲ, ನನ್ನ ಮುಂದಿನ ಸರದಿಯಲ್ಲಿ ಅವುಗಳ ಮೇಲೆ ‘ವೆಬ್’ ಅನ್ನೋ ಬಲೆ ಎಸೆದೆ.

"ಅಮ್ಮಾ, ಫ್ಲೈ ಮುಗೀತು. ಅವಳು ಬಿದ್ಲು" ಅಂದ ಮಗ.

"ಅದು ಹೇಗೋ? 10 ನಿಮಿಷ ಅಂತ ಬರ್ದಿದೆ, ಇನ್ನೂ ಎರಡನೇ ಸುತ್ತು!"

ಪುಸ್ತಕ ತೆಗೆದು ಮುಂದಿಟ್ಟ. ‘ಕಾನ್ಸಂಟ್ರೇಷನ್, ಅಪ್ ಟು 10 ಮಿನಿಟ್ಸ್’. ಸೀರೆ ಅಂಗಡಿಯ ‘ಶೇ. 50ರವರೆಗೆ ರಿಯಾಯಿತಿ’ ಬೋರ್ಡಿನ ಹಾಗೆ, ಹತ್ತು ನಿಮಿಷ ಅನ್ನೋದು ಗರಿಷ್ಠ ಮಿತಿ, ಗ್ಯಾರಂಟಿ ಅಲ್ಲ. ಮಂತ್ರ ನಿಲ್ಲೋದು ಮಂತ್ರವಾದಿಯ ಏಕಾಗ್ರತೆಯ ಮೇಲೆ. ಪೆಟ್ಟು ಬಿದ್ದರೆ ದಾಳ ಹಾಕಿ ಅದನ್ನ ಉಳಿಸಿಕೊಳ್ಳಬೇಕು. ಏಕಾಗ್ರತೆ ಬೇಡುವ ಇನ್ನೊಂದು ಮಂತ್ರ ಹಾಕಿದರೆ ದಾಳವೂ ಇಲ್ಲ, ಮೊದಲನೆಯದು ಅಲ್ಲಿಗೇ ಮುಗೀತು. ವೆಬ್ ಕೂಡ ಅಂಥದ್ದೇ.

"ಅವಳಿಗೋಸ್ಕರಾನೇ ತಾನೇ ಹಾಕಿದ್ದು!" ಅಂತ ವಾದಿಸಿದೆ. ಮಗ ತಲೆಯಾಡಿಸಿದ, ಆದರೆ ಬಗ್ಗಲಿಲ್ಲ. ಕಾರಣ ಏನೇ ಇರಲಿ, ಒಂದು ಸಲಕ್ಕೆ ಒಂದೇ.

ಹತ್ತು ಅಡಿಗೊಂದರಂತೆ ನಾಲ್ಕು ದಾಳ ಉರುಳಿದವು. ಹದಿಮೂರು. ಮಗಳ ಹತ್ತಿರ ಉಳಿದಿದ್ದ ಪ್ರಾಣ ಹದಿನೈದು. ಬದುಕಿದಳು, ಆದರೆ ಮುಖ ಸಪ್ಪಗಾಗಿತ್ತು. "ಪರ್ವಾಗಿಲ್ಲಮ್ಮ. ಸ್ಕೂಲ್ ಡೇಗೂ ನೀನು ಬಂದಿದ್ದೆ. ಆದ್ರೆ ನನ್ ಡ್ಯಾನ್ಸ್ ಟೈಮಲ್ಲಿ ಫೋನಲ್ಲಿದ್ದೆ" ಅಂದಳು. ಜಗಳದ ದನಿ ಅಲ್ಲ, ಸುಮ್ಮನೆ ನೆನಪಾದದ್ದನ್ನು ಹೇಳಿದ ಹಾಗೆ.

ನನಗೆ ಉತ್ತರ ಹೊಳೆಯಲಿಲ್ಲ. ಆವತ್ತಿನ ಕರೆ ಯಾರದ್ದು, ಯಾಕೆ ಅಂತ ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ. ಅವಳಿಗೆ ಮಾತ್ರ ನಾನು ಬೆನ್ನು ತಿರುಗಿಸಿ ಮಾತಾಡ್ತಿದ್ದದ್ದು ನೆನಪಿದೆ. ಮಕ್ಕಳಿಗೋಸ್ಕರಾನೇ ದುಡೀತೀನಿ ಅನ್ನೋ ನನ್ನ ವಾದವೂ ಆ ವೆಬ್ ಮಂತ್ರದ ಹಾಗೇ ಅನ್ನಿಸಿತು.

ಮುಂದಿನ ಭಾನುವಾರ ಆ ಹುಡುಗ ಬಂದ. ಆದರೂ ನನಗೊಂದು ಕುರ್ಚಿ ಇಟ್ಟಿದ್ದರು. ಫೋನನ್ನು ಅಡುಗೆಮನೆಯ ಫ್ರಿಜ್ ಮೇಲಿಟ್ಟು ಬಂದು ಕೂತೆ.

"ಎಷ್ಟೊತ್ತು ಇರ್ತೀಯ?" ಮಗಳು ಕೇಳಿದಳು.

"ಒಂದು ಗಂಟೆ."

"ಒಂದು ಗಂಟೆನಾ, ಒಂದು ಗಂಟೆವರೆಗಾ?"

"ಪೂರ್ತಿ ಒಂದು ಗಂಟೆ" ಅಂದೆ. ಫ್ರಿಜ್ ಮೇಲೆ ಫೋನು ಎರಡು ಸಲ ಗುರ್ ಅಂತು. ನಾನು ಏಳಲಿಲ್ಲ.