ನೆರೆಯವನ ಎತ್ತು

ಒಂಟಿ ಎತ್ತಿನ ಒಕ್ಕಲಿಗನು ನೆರೆಯವನ ಎತ್ತನ್ನು ಕೂಡಿಸಿಕೊಂಡು ಹೊಲ ಹೂಡುವುದು ದೇವದುರ್ಗದ ಎರೆಭೂಮಿಗೆ ಹೊಸ ಸಂಗತಿಯಲ್ಲ. ಅದರಲ್ಲಿ ನಾಚಿಕೆಯೂ ಇಲ್ಲ. ಇಂದು ಇವನ ಹೊಲ, ನಾಳೆ ಅವನ ಹೊಲ; ಇಬ್ಬರಲ್ಲಿ ಒಡೆಯನೂ ಇಲ್ಲ, ಆಳೂ ಇಲ್ಲ. ಅದೇ ಒಕ್ಕಲಿಗನು ಸಾಹುಕಾರನ ಎತ್ತನ್ನು ಬೇಡಿ ತಂದನೆಂದರೆ ಮಾತು ಬೇರೆ. ನೇಗಿಲು ಅದೇ, ಭೂಮಿಯೂ ಅದೇ; ಆದರೆ ಯಾವ ಹೊಲ ಮೊದಲು, ಯಾವುದು ಆಮೇಲೆ ಎಂಬುದನ್ನು ಸಾಹುಕಾರನೇ ನಿಶ್ಚಯಿಸುವನು.

ರಾಜ್ಯಕಾರಭಾರದಲ್ಲಿಯೂ ಹೀಗೆಯೇ. ಬಹುಮತವಿಲ್ಲದ ಮಂತ್ರಿಮಂಡಲವು ಎರವಲು ಬಲದಿಂದ ಬಾಳುವುದು. ಅದನ್ನು ದುರ್ಬಲವೆಂದು ಹಳಿಯುವ ಮೊದಲು, ಆ ಬಲವನ್ನು ಕೊಟ್ಟವರಾರು ಎಂದು ಕೇಳಬೇಕು.

ಇದಕ್ಕೆ ನಿದರ್ಶನವು ಮಾನ್ವಿಯ ತೆಂಕಣ ಸೀಮೆಯಲ್ಲಿ ಹರಿಯುವ ತುಂಗಭದ್ರೆಯ ಆಚೆಯ ದಡದಲ್ಲಿಯೇ ದೊರೆಯುವುದು. ಆ ದಡವು ಆಗ ಮದರಾಸು ಇಲಾಖೆಯ ಬಳ್ಳಾರಿ ಜಿಲ್ಲೆ. ಈಚೆಯದು ನಿಜಾಮರ ಸಂಸ್ಥಾನ. 1919ರ ಕಾಯಿದೆಯಿಂದ ಆಚೆಯವರಿಗೆ ಅರೆ ಸ್ವರಾಜ್ಯವೊಂದು ಬಂದಿತ್ತು. ವಿದ್ಯೆ, ಆರೋಗ್ಯ, ಒಕ್ಕಲುತನ ಮೊದಲಾದವು ಮಂತ್ರಿಗಳ ಪಾಲಿಗೆ. ಹಣ, ಪೋಲೀಸು, ಕಂದಾಯ, ನೀರಾವರಿ ಗವರ್ನರರ ಪಾಲಿಗೆ. ದೂರದ ಮಾಲ್ಟಾ ದ್ವೀಪಕ್ಕೂ 1921ರಲ್ಲಿ ಇಂತಹುದೇ ಇಬ್ಬಾಗದ ಸ್ವರಾಜ್ಯವು ದೊರೆತು, ಅಲ್ಲಿಯೂ ಯಾವ ಪಕ್ಷವೂ ಒಂಟಿಯಾಗಿ ನಿಲ್ಲಲಾರದೆ ಇನ್ನೊಂದರ ಹೆಗಲನ್ನು ಹುಡುಕಬೇಕಾಯಿತು.

1926ರ ಚುನಾವಣೆಯಲ್ಲಿ ಮದರಾಸಿನ 98 ಚುನಾಯಿತ ಸ್ಥಾನಗಳ ಪೈಕಿ ಸ್ವರಾಜ್ಯ ಪಕ್ಷಕ್ಕೆ 41, ಜಸ್ಟಿಸ್ ಪಕ್ಷಕ್ಕೆ 21 ಬಂದವು. ಅರೆ ಅಧಿಕಾರವು ಬೇಡವೆಂದು ಸ್ವರಾಜ್ಯ ಪಕ್ಷವು ಪದವಿಯನ್ನು ಒಲ್ಲೆನೆಂದಿತು. ಆಗ ಯಾವ ಪಕ್ಷಕ್ಕೂ ಸೇರದ ಡಾಕ್ಟರ್ ಪಿ. ಸುಬ್ಬರಾಯನ್ ಅವರು ಮಂತ್ರಿಮಂಡಲವನ್ನು ಕಟ್ಟಿದರು. ಅವರ ಇಬ್ಬರು ಜೊತೆಗಾರರಲ್ಲಿ ಒಬ್ಬರು ಬಳ್ಳಾರಿಯ ಎ. ರಂಗನಾಥ ಮೊದಲಿಯಾರರು. ಸ್ವರಾಜ್ಯ ಪಕ್ಷದವರ ಸಹನೆ, ಗವರ್ನರರು ನಾಮಕರಣ ಮಾಡಿದ ಸದಸ್ಯರ ಮತ — ಇವೇ ಆ ಮಂಡಲದ ಬಂಡವಾಳ. ಸೈಮನ್ ಆಯೋಗದ ಬಹಿಷ್ಕಾರದ ಪ್ರಶ್ನೆಯು ಎದ್ದೊಡನೆ ಈ ನೊಗ ಮುರಿಯಿತು. 1928ರಲ್ಲಿ ರಂಗನಾಥ ಮೊದಲಿಯಾರರೂ ಅವರ ಜೊತೆಗಾರರೂ ಹೊರಬಂದರು. ಸ್ವರಾಜ್ಯ ಪಕ್ಷದವರು ದೂರವಾಗಿ ಜಸ್ಟಿಸ್ ಪಕ್ಷದವರು ಹತ್ತಿರವಾದರು. ಮುಖ್ಯಮಂತ್ರಿಗಳು ಮಾತ್ರ 1930ರವರೆಗೆ ಅಲ್ಲಿಯೇ ಉಳಿದರು. ಸಾಲ ಕೊಟ್ಟವರು ಬದಲಾದಂತೆ ನಡೆಯ ದಾರಿಯೂ ಬದಲಾಯಿತು.

ಈ ಮಂಡಲವು ವ್ಯರ್ಥವಾಯಿತೆಂದು ಹೇಳಲಾಗದು. ಹಿಂದುಳಿದವರಿಗೆ ಸರಕಾರೀ ನೌಕರಿಯಲ್ಲಿ ಪಾಲು ದೊರಕಿಸುವ ಆಜ್ಞೆಯು ಕಾಗದದಿಂದ ಕಾರ್ಯಕ್ಕೆ ಇಳಿದದ್ದು ಅದರ ಕಾಲದಲ್ಲಿಯೇ. ಆದರೂ ಒಂದು ವಿಡಂಬನೆಯು ಉಳಿಯುವುದು: ಬರದ ನಾಡಾದ ಬಳ್ಳಾರಿಯಿಂದ ಬಂದ ಮಂತ್ರಿಗೆ ತನ್ನೂರ ಸೀಮೆಯ ಹೊಳೆಯ ನೀರನ್ನು ಮುಟ್ಟುವ ಅಧಿಕಾರವೇ ಇರಲಿಲ್ಲ.

ಈಚೆಯ ದಡದವರಿಗೆ ಅಷ್ಟೂ ಇರಲಿಲ್ಲ. ರಾಯಚೂರಿನ ಪ್ರಜೆಗೆ ಲೆಕ್ಕ ಒಪ್ಪಿಸಬೇಕಾದ ಮಂತ್ರಿಯೊಬ್ಬನೂ ಹೈದರಾಬಾದಿನಲ್ಲಿರಲಿಲ್ಲ. ಹೊಳೆಗೆ ಕಟ್ಟೆಯು ಬಂದದ್ದು ಎರಡು ಸರಕಾರಗಳ 1944ರ ಒಪ್ಪಂದದಿಂದ. 1945ರ ಫೆಬ್ರವರಿ 28ರಂದು ಅದರ ಅಡಿಗಲ್ಲು. ಪ್ರಜೆಗೆ ಉತ್ತರಿಸಬೇಕಿಲ್ಲದ ಸರಕಾರಗಳೂ ಕಟ್ಟೆ ಕಟ್ಟಬಲ್ಲವು, ನಿಜ. ಆದರೆ ಕಾಲುವೆಯ ತುದಿಯ ಹೊಲಕ್ಕೆ ನೀರೇಕೆ ಬರಲಿಲ್ಲ ಎಂದು ಎದ್ದು ಕೇಳಲು ಸಭೆಯೊಂದು ಬೇಕು. ಮಾನ್ವಿಯ ಒಕ್ಕಲಿಗನಿಗೆ ಅಂತಹ ಸಭೆಗೆ ಮತ ಕೊಡುವ ಹಕ್ಕು ಕೈಗೂಡಿದ್ದು 1952ರಲ್ಲಿ. 1956ರ ನವೆಂಬರ್ 1ರಿಂದ ಆ ಸಭೆಯು ಕನ್ನಡನಾಡಿನ ಸಭೆಯೂ ಆಯಿತು.

ಅದೇ ಸಭೆಯಲ್ಲಿ 1983ರಲ್ಲಿ ಮತ್ತೆ ಎರವಲು ಬಲದ ಮಂತ್ರಿಮಂಡಲವೊಂದು ಎದ್ದಿತು. 224 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ದೊರೆತವು 95. ಭಾರತೀಯ ಜನತಾ ಪಕ್ಷದ 18 ಮಂದಿಯೂ ಎಡಪಕ್ಷದವರೂ ಹೊರಗಿನಿಂದ ಆಸರೆಯಾದರು. ಶ್ರೀ ರಾಮಕೃಷ್ಣ ಹೆಗಡೆಯವರ ಆ ಸರಕಾರವು ಜಿಲ್ಲಾ ಪರಿಷತ್ತಿನ ಕಾಯಿದೆಯನ್ನೂ ಲೋಕಾಯುಕ್ತದ ಕಾಯಿದೆಯನ್ನೂ ರೂಪಿಸಿತು. ಅದರ ಮಂತ್ರಿ ಅಬ್ದುಲ್ ನಜೀರ್ ಸಾಬರು ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಯಿಸಿ ಜನರ ಬಾಯಲ್ಲಿ ನೀರು ಸಾಬರಾದರು. 1984ರ ಕೊನೆಯಲ್ಲಿ ಲೋಕಸಭೆಯ ಚುನಾವಣೆಯಲ್ಲಿ ಪಕ್ಷವು ಸೋತಾಗ ಹೆಗಡೆಯವರು ರಾಜೀನಾಮೆಯಿತ್ತು ಜನರ ಮುಂದೆ ನಿಂತರು. 1985ರಲ್ಲಿ ಜನರು 139 ಸ್ಥಾನಗಳನ್ನು ಕೊಟ್ಟರು.

ಸಂಖ್ಯೆಯ ಕೊರತೆಯು ಎರಡು ಮಂಡಲಗಳಿಗೂ ಸಮಾನ. ಆದರೆ ಒಂದರ ಹಿಂದೆ ಗವರ್ನರರ ನಾಮಕರಣದ ಮತಗಳಿದ್ದವು. ಇನ್ನೊಂದರ ಹಿಂದೆ ಜನರಿಂದ ಆಯ್ಕೆಯಾಗಿ ಬಂದವರೇ ಇದ್ದರು. ಒಂದು ಸಾಹುಕಾರನ ಎತ್ತು, ಇನ್ನೊಂದು ನೆರೆಯವನದು. ನೆರೆಯವನ ಎತ್ತಿನಿಂದ ಉತ್ತವನು ಸಂಜೆಗೆ ಅದಕ್ಕೆ ಮೇವು ಹಾಕಿ, ಮೈದಡವಿ ಹಿಂತಿರುಗಿಸುವನು; ಏಕೆಂದರೆ ನಾಳೆಯೂ ಅವನ ಮುಖ ನೋಡಬೇಕು.