ಒಳಗಿನ ಎಣ್ಣೆ, ಹೊರಗಿನ ಎಣ್ಣೆ

"ಸಪ್ಪಳ ಬಂತಂದ್ರ ಎಣ್ಣಿ ಬಿಡು." ನಮ್ಮ ಕಡೆ ಎಲ್ಲ ಯಂತ್ರಕ್ಕೂ ಮೊದಲ ಔಷಧ ಇದೇ. ಬಾಗಿಲ ಕೀಲು, ಹೊಲಿಗೆ ಯಂತ್ರ, ಸೈಕಲ್ ಚೈನು, ಯಾವುದಾದರೂ ಸರಿ. ಅದನ್ನೇ ನಾನು ಮೌಂಟೇನ್ ಬೈಕಿನ ಡಿಸ್ಕ್ ಬ್ರೇಕಿಗೂ ಮಾಡಿದೆ. ಮರುದಿನ ಬೆಳಿಗ್ಗೆ ಅಕ್ಕನ ಮಗಳು ಕಾಲುವೆ ದಂಡೆಯ ಇಳಿಜಾರಿನಲ್ಲಿ ಎರಡೂ ಲಿವರ್ ಒತ್ತಿ ಹಿಡಿದರೂ ಸೈಕಲ್ ನಿಲ್ಲದೆ ತೊಗರಿ ಹೊಲದೊಳಗೆ ಹೋಗಿ ಬಿದ್ದಳು.

ಕಾಖಂಡಕಿಯ ಹೆಸರು ಪೇಪರಿನಲ್ಲಿ ಬರುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು ಕಾರಹುಣ್ಣಿಮೆ ಮುಗಿದ ಮೇಲಿನ ಕರಿ, ಇನ್ನೊಂದು ಮಹಿಪತಿದಾಸರ ಆರಾಧನೆ. ಸೈಕಲ್ಲಿನ ಸುದ್ದಿ ಏನಿದ್ದರೂ ವಿಜಯಪುರದ್ದು. ಅಲ್ಲಿ ಕ್ರೀಡಾ ಇಲಾಖೆಯ ವಸತಿ ನಿಲಯವಿದೆ. ಈ ಜಿಲ್ಲೆಯ ಮತ್ತು ಪಕ್ಕದ ಬಾಗಲಕೋಟೆಯ ಹಳ್ಳಿ ಮಕ್ಕಳು ಸೈಕ್ಲಿಂಗ್‌ನಲ್ಲಿ ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. 2022ರಲ್ಲಿ ಗದಗದಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆದ ಮೇಲೆ ಗುಡ್ಡದ ಸೈಕಲ್ಲಿನ ಮಾತು ನಮ್ಮ ಮನೆಗೂ ಬಂತು. ಎಂಟನೇ ತರಗತಿಯ ಹುಡುಗಿ ಹಟ ಹಿಡಿದಳು. ಹೊಸದು ಕೊಳ್ಳುವ ಶಕ್ತಿ ಇರಲಿಲ್ಲ. ವಿಜಯಪುರದಲ್ಲಿ ಒಬ್ಬರು ಓಡಿಸಿಬಿಟ್ಟಿದ್ದ ಸೈಕಲ್ಲನ್ನು ನಾನೇ ನೋಡಿ ತಂದೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಎಂದು ಮನೆಯಲ್ಲಿ ಹೆಮ್ಮೆಯಿಂದ ಹೇಳಿದ್ದೂ ನಾನೇ.

ನಾನು ಮಾಡಿದ ತಪ್ಪು ಒಂದಲ್ಲ, ಮೂರು. ಟಂಟಂನಲ್ಲಿ ಹಿಡಿಸಲೆಂದು ಮುಂದಿನ ಗಾಲಿ ಬಿಚ್ಚಿದ್ದೆ. ದಾರಿಯಲ್ಲಿ ಸೈಕಲ್ ಜಾರದಂತೆ ಹ್ಯಾಂಡಲ್ ಹಿಡಿದಾಗ ಲಿವರ್ ಒತ್ತಿದೆ. ನಡುವೆ ಡಿಸ್ಕ್ ಇಲ್ಲದ್ದರಿಂದ ಎರಡೂ ಪ್ಯಾಡ್ ಒಂದಕ್ಕೊಂದು ಕೂಡಿಕೊಂಡವು. ಮನೆಗೆ ಬಂದು ನೋಡಿದರೆ ಡಿಸ್ಕ್ ಒಳಗೆ ಹೋಗುತ್ತಿಲ್ಲ. ಸ್ಕ್ರೂಡ್ರೈವರ್ ಹಾಕಿ ಮೀಟಿದೆ, ಅದು ಎರಡನೆಯದು. ಗಾಲಿ ಕೂತಿತು, ಆದರೆ ತಿರುಗುವಾಗ ಸರ್ರ್ ಎಂದು ಉಜ್ಜುತ್ತಿತ್ತು. ಊರಿನ ಸೈಕಲ್ ಅಂಗಡಿಯ ಕಾಕಾ ನೋಡಿ, "ವೈರ್ ಬ್ರೇಕಾದ್ರ ಮಾಡಿಕೊಡ್ತಿದ್ದೆ, ಇದು ನಮ್ಮ ಕೈಯಾಗಿಂದಲ್ಲ ಬಿಡಪಾ" ಎಂದರು. ಅವರು ಗೊತ್ತಿಲ್ಲದ್ದನ್ನು ಮುಟ್ಟಲಿಲ್ಲ. ನಾನು ಮುಟ್ಟಿದೆ. ಚೈನಿಗೆ ಬಿಡುವ ಎಣ್ಣೆಯನ್ನು ಎರಡೂ ಡಿಸ್ಕಿಗೆ ಬಿಟ್ಟೆ. ಸಪ್ಪಳ ನಿಂತಿತು. ಬ್ರೇಕೂ ನಿಂತಿತು.

ಮೊಣಕೈ ತರಚಿತ್ತು, ಮಣಿಕಟ್ಟು ಊದಿತ್ತು. "ಬ್ರೇಕ್ ಹತ್ತಲೇ ಇಲ್ಲ ಮಾಮಾ" ಎಂದು ಅವಳು ಎರಡು ಸಲ ಹೇಳಿದಳು. ಮನೆಯಲ್ಲಿ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಜೋರು ಬಿಟ್ಟಿರಬೇಕು ಎಂದು ಎಲ್ಲರೂ ತೀರ್ಮಾನಿಸಿದರು. "ಹೆಣ್ಣ ಹುಡುಗಿಗೆ ಯಾಕ ಬೇಕಿತ್ತು ಇದು? ಸೈಕಲ್ ಸಾಕಿನ್ನ" ಎಂದರು ಭಾವ. ಎಣ್ಣೆ ಬಿಟ್ಟದ್ದು ನನಗೆ ನೆನಪಿತ್ತು. ಆ ರಾತ್ರಿ ನಾನು ಬಾಯಿ ಬಿಡಲಿಲ್ಲ.

ಮರುದಿನ ಸೈಕಲ್ ತೆಗೆದುಕೊಂಡು ವಿಜಯಪುರಕ್ಕೆ ಹೋದೆ. ಅಂಗಡಿಯ ಹುಡುಗ ಡಿಸ್ಕಿನ ಮೇಲೆ ಬೆರಳಾಡಿಸಿ ಮೂಸಿ ನೋಡಿ, "ಎಣ್ಣಿ ಯಾರು ಹಾಕಿದ್ರಿ ಸರ?" ಎಂದ. ನನಗಿಂತ ಹತ್ತು ವರ್ಷ ಚಿಕ್ಕವನು. ಸುಳ್ಳು ಹೇಳಲಾಗಲಿಲ್ಲ. "ಈ ಬ್ರೇಕಿಗೆ ಎಣ್ಣಿ ಒಳಗ ಬೇಕು. ಹೊರಗ ಒಂದು ಹನಿ ಬಿದ್ರೂ ವಿಷ" ಎಂದು ಹೇಳಿ, ಬಿಚ್ಚುತ್ತಲೇ ವಿವರಿಸಿದ.

ಲಿವರ್ ಒತ್ತಿದರೆ ಕೊಳವೆಯಲ್ಲಿನ ದ್ರವ ಆ ಒತ್ತಡವನ್ನು ಗಾಲಿಯ ಹತ್ತಿರದ ಕ್ಯಾಲಿಪರ್‌ಗೆ ಮುಟ್ಟಿಸುತ್ತದೆ. ಅಲ್ಲಿ ಎರಡು ಕಡೆಯಿಂದ ಪಿಸ್ಟನ್‌ಗಳು ಪ್ಯಾಡ್ ದೂಡಿ ಡಿಸ್ಕನ್ನು ಹಿಡಿಯುತ್ತವೆ. ಪ್ರೌಢಶಾಲೆಯಲ್ಲಿ ಓದಿದ ಪ್ಯಾಸ್ಕಲ್ ನಿಯಮ ಅಷ್ಟೇ. ಲಿವರ್ ಬಿಟ್ಟಾಗ ಪಿಸ್ಟನ್ ಸುತ್ತಲಿನ ರಬ್ಬರ್ ರಿಂಗು ಅದನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಪ್ಯಾಡ್ ಸವೆದಂತೆ ಪಿಸ್ಟನ್ ತಾನೇ ಮುಂದೆ ಬರುತ್ತದೆ. ಹಾಗಾಗಿ ವೈರ್ ಬಿಗಿ ಮಾಡುವ ನಮ್ಮ ಹಳೆಯ ವಿದ್ಯೆ ಇಲ್ಲಿ ನಡೆಯುವುದಿಲ್ಲ. ದ್ರವದಲ್ಲೂ ಜಾತಿ ಇದೆ. ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್, ಇನ್ನು ಕೆಲವಕ್ಕೆ ಡಾಟ್ ದ್ರವ. ಒಂದರಲ್ಲಿ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರೇ ಹಾಳಾಗುತ್ತದೆ.

ಎಣ್ಣೆ ಕುಡಿದ ಪ್ಯಾಡುಗಳನ್ನು ಅವನು ಬಿಸಾಡಿದ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದ, ಬಟ್ಟೆ ಕಪ್ಪಾಗದ ತನಕ. ಪಿಸ್ಟನ್ ಸುತ್ತ ನಮ್ಮ ಎರಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಒಂದು ಪಿಸ್ಟನ್ ಬೇಗ ಬರುತ್ತಿತ್ತು, ಇನ್ನೊಂದು ಸೋಮಾರಿ. ಬೇಗ ಬರುವುದನ್ನು ಪ್ಲಾಸ್ಟಿಕ್ ಟೈರ್ ಲಿವರ್‌ನಿಂದ ತಡೆದು, ಸೋಮಾರಿಯನ್ನು ಸ್ವಲ್ಪ ಹೊರಗೆ ತಂದು ಒರೆಸಿ, ಎರಡನ್ನೂ ನಿಧಾನಕ್ಕೆ ಒಳಗೆ ಒತ್ತಿದ. ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ.

ಉಳಿದದ್ದನ್ನು ನನ್ನ ಕೈಯಿಂದಲೇ ಮಾಡಿಸಿದ. ಮೊದಲು ಸೈಕಲ್ ನೆಲದ ಮೇಲಿರಲಿ, ಗಾಲಿಯ ಅಚ್ಚು ಸರಿಯಾಗಿ ಕೂತು ಬಿಗಿಯಾಗಿರಲಿ. ಅಚ್ಚು ಓರೆಯಾಗಿದ್ದರೆ ಮುಂದಿನದೆಲ್ಲ ದಂಡ. ಆಮೇಲೆ ಗಾಲಿ ತಿರುಗಿಸಿ ಸಪ್ಪಳ ಕೇಳಬೇಕು. ಸುತ್ತಿಗೊಮ್ಮೆ ಮಾತ್ರ ಸರಕ್ ಎಂದರೆ ಡಿಸ್ಕ್ ಅಲ್ಲಿ ಬಾಗಿದೆ, ಅದನ್ನು ನೇರ ಮಾಡಬೇಕು. ಬಿಡದೆ ಸರ್ರ್ ಎಂದರೆ ಕ್ಯಾಲಿಪರ್ ಒಂದು ಕಡೆ ವಾಲಿದೆ. ನಮ್ಮದು ಎರಡನೆಯದು. ಕ್ಯಾಲಿಪರ್‌ನ ಎರಡು ಬೋಲ್ಟುಗಳನ್ನು 5 ಮಿ.ಮೀ. ಅಲೆನ್ ಕೀಯಿಂದ ಅದು ಅಲುಗಾಡುವಷ್ಟು ಸಡಿಲ ಮಾಡಬೇಕು. ಲಿವರ್ ಒತ್ತಿ ಹಿಡಿದರೆ ಕ್ಯಾಲಿಪರ್ ತಾನೇ ಡಿಸ್ಕಿನ ನಡುವಿಗೆ ಬರುತ್ತದೆ. ಹಿಡಿದಂತೆಯೇ ಎರಡೂ ಬೋಲ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದನ್ನೇ ಪೂರ್ತಿ ಬಿಗಿದರೆ ಕ್ಯಾಲಿಪರ್ ಮತ್ತೆ ಹೊರಳುತ್ತದೆ. ಕೊನೆಗೆ ಹಿಂದೆ ಬಿಳಿ ಹಾಳೆ ಹಿಡಿದು ನೋಡಬೇಕು. ಡಿಸ್ಕಿನ ಎರಡೂ ಕಡೆ ಒಂದೇ ಸಮ ಬೆಳಕಿನ ಗೆರೆ ಕಂಡರೆ ಮುಗಿಯಿತು. ನನಗೆ ನಾಲ್ಕನೇ ಸಲಕ್ಕೆ ಕಂಡಿತು.

ಹೊಸ ಪ್ಯಾಡ್ ಹಾಕಿದ ಕೂಡಲೇ ಇಳಿಜಾರಿಗೆ ಹೋಗಬಾರದು ಎಂದೂ ಹೇಳಿ ಕಳಿಸಿದ. ಸಮತಟ್ಟು ರಸ್ತೆಯಲ್ಲಿ ಸಾಧಾರಣ ವೇಗಕ್ಕೆ ಬಂದು, ಗಾಲಿ ಲಾಕ್ ಆಗದಂತೆ ನಡಿಗೆಯ ವೇಗಕ್ಕೆ ಇಳಿಸಬೇಕು. ಹೀಗೆ ಇಪ್ಪತ್ತು ಸಲ. ಆಗಲೇ ಪ್ಯಾಡಿಗೂ ಡಿಸ್ಕಿಗೂ ಹೊಂದಿಕೆ.

ಊರಿಗೆ ಬಂದವನೇ ಭಾವನ ಮುಂದೆ ಹೇಳಿದೆ: "ಅಕಿದು ತಪ್ಪಿಲ್ರಿ. ಎಣ್ಣಿ ಹಾಕಿದಾಂವ ನಾ." ಅವರು ಬಹಳ ಹೊತ್ತು ಸುಮ್ಮನಿದ್ದರು. ಬೈದಿದ್ದರೆ ಹಗುರಾಗುತ್ತಿತ್ತು. ಹುಡುಗಿ ಮಾತ್ರ ಒಳಗಿನಿಂದಲೇ "ನಾ ಅವತ್ತ ಹೇಳಿರ್ಲಿಲ್ಲೇನು?" ಎಂದಳು. ಹದಿನೈದು ದಿನಕ್ಕೆ ಅವಳಿಗೊಂದು ಸ್ಪರ್ಧೆ ಇತ್ತು. ಮಣಿಕಟ್ಟಿನ ಊತ ಇಳಿದಿರಲಿಲ್ಲ, ಹೋಗಲಾಗಲಿಲ್ಲ. ಅದನ್ನು ನಾನು ತುಂಬಿಕೊಡುವಂತಿಲ್ಲ.

ಇಷ್ಟು ವರ್ಷ ನಾನು ಸೈಕ್ಲಿಂಗ್ ಸುದ್ದಿ ಕಳಿಸಿದ್ದೇನೆ. ಯಾರು ಮೊದಲು, ಎಷ್ಟು ನಿಮಿಷ, ಯಾರು ಬಹುಮಾನ ಕೊಟ್ಟರು. ಆ ಮಕ್ಕಳ ಪ್ಯಾಡ್ ಯಾರು ಬದಲಿಸುತ್ತಾರೆ, ಹಳ್ಳಿಯಲ್ಲಿ ಬ್ರೇಕ್ ಕೆಟ್ಟರೆ ಎಷ್ಟು ದೂರ ಹೋಗಬೇಕು ಎಂದು ಒಮ್ಮೆಯೂ ಕೇಳಿರಲಿಲ್ಲ. ಬಿದ್ದವರ ಸುದ್ದಿ ಬರೆಯುವಾಗ "ನಿಯಂತ್ರಣ ತಪ್ಪಿ" ಎಂದು ಎಷ್ಟು ಸಲ ಬರೆದಿದ್ದೇನೋ. ಯಾರ ನಿಯಂತ್ರಣ, ಯಾಕೆ ತಪ್ಪಿತು ಎಂದು ವಿಚಾರಿಸದೆಯೇ ಬರೆದದ್ದು. ನಮ್ಮ ಮನೆಯವರೂ ಅವಳ ಬಗ್ಗೆ ಅದನ್ನೇ ಹೇಳಿದ್ದರು.

ಈಗ ಅವಳು ಮತ್ತೆ ಓಡಿಸುತ್ತಾಳೆ. ಮಳೆಗಾಲದಲ್ಲಿ ಎರಿ ಮಣ್ಣು ಮೆತ್ತಿದರೆ ಬಕೆಟ್ ನೀರಿನಿಂದ ತೊಳೆಯುತ್ತಾಳೆ. ಟ್ರ್ಯಾಕ್ಟರ್ ತೊಳೆಯುವ ಪ್ರೆಶರ್ ಪೈಪಿನ ಹತ್ತಿರ ಬಿಡುವುದಿಲ್ಲ. ಗಾಲಿ ಬಿಚ್ಚಿದರೆ ಪ್ಯಾಡುಗಳ ನಡುವೆ ಮಡಚಿದ ರಟ್ಟಿನ ತುಂಡು ಇಡುತ್ತಾಳೆ. ಹೊರಡುವ ಮುಂಚೆ ಗಾಲಿ ಎತ್ತಿ ತಿರುಗಿಸಿ, ಬಿಳಿ ಹಾಳೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಾಳೆ. ಚೈನಿನ ಎಣ್ಣೆ ಬಾಟಲಿಯನ್ನು ತನ್ನ ಚೀಲದಲ್ಲೇ ಇಟ್ಟುಕೊಂಡಿದ್ದಾಳೆ. ನನ್ನ ಕೈಗೆ ಕೊಡುವುದಿಲ್ಲ.