ಜಾಮೀನುದಾರ

ಸೆರೆಮನೆಗಳು ತುಂಬಿರುವುದು ಶಿಕ್ಷೆ ಹೊಂದಿದವರಿಂದಲೇ ಎಂದು ವಾಚಕರು ತಿಳಿದಿರಬಹುದು. 2022ರ ಕೊನೆಯಲ್ಲಿ ಭಾರತದ ಬಂದಿಗಳು 5,73,220 ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣೆ ಮುಗಿಯದವರು.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು ಇವರಿಗೊಂದು ದಾರಿ ತೋರಿದೆ. ಆರೋಪವು ಮರಣದಂಡನೆಗಾಗಲಿ ಜೀವಾವಧಿ ಶಿಕ್ಷೆಗಾಗಲಿ ತಕ್ಕದ್ದಲ್ಲದಿದ್ದರೆ, ಹಿಂದೆ ಶಿಕ್ಷೆಯಾಗದ, ಬೇರೆ ಮೊಕದ್ದಮೆಯಿಲ್ಲದ ಬಂದಿಯನ್ನು ಗರಿಷ್ಠ ಶಿಕ್ಷೆಯ ಮೂರರಲ್ಲೊಂದು ಪಾಲು ಕಳೆದ ಮೇಲೆ ಮುಚ್ಚಳಿಕೆ ಬರೆಸಿಕೊಂಡು ಬಿಡತಕ್ಕದ್ದು.

ಆದರೆ ಅಷ್ಟು ಕಾಲವೂ ಅನೇಕರು ಒಳಗಿರುವುದು ಜಾಮೀನುದಾರನಿಲ್ಲದೆ. ಭತ್ತದ ನಾಡಾದ ನಮ್ಮ ಕಾರಟಗಿಯಲ್ಲಿ ಕೂಲಿಯವರಿಗೆ ಪಹಣಿ ಎಲ್ಲಿಂದ ಬರಬೇಕು? ಯಾಜ್ಞವಲ್ಕ್ಯಸ್ಮೃತಿಯು ಪ್ರತಿಭೂವಿನ, ಎಂದರೆ ಹೊಣೆಗಾರನ, ಕರ್ತವ್ಯಗಳನ್ನು ಮೂರಾಗಿ ಎಣಿಸಿ ದರ್ಶನವನ್ನು ಮೊದಲು ಹೇಳಿದೆ: ಕರೆದಾಗ ಆ ಮನುಷ್ಯನನ್ನು ಎದುರಿಗೆ ನಿಲ್ಲಿಸುವುದು. ಹಣದ ಮಾತು ಕಡೆಯದು.

ಹೋದ ಸುಗ್ಗಿಯಲ್ಲಿ, ಸಣ್ಣ ಕಳವಿನ ಆರೋಪದಿಂದ ಸೆರೆಯಲ್ಲಿದ್ದ ಕೂಲಿಯೊಬ್ಬನ ತಾಯಿ ನಮ್ಮ ಪಹಣಿಯನ್ನು ಬೇಡಿ ಬಂದಳು. "ಓಡಿಹೋದರೆ ನಮ್ಮ ಗತಿಯೇನು?" ಎಂದರು ಮನೆಯವರು. ಆ ಭಯ ನಮಗೂ ಇತ್ತು; ಇದ್ದರೂ ಸಹಿ ಹಾಕಿದೆವು. ಅವನು ಕಳ್ಳನೋ ಅಲ್ಲವೋ ನ್ಯಾಯಾಧೀಶರು ಹೇಳಲಿ. ಈವರೆಗೆ ಒಂದು ವಾಯಿದೆಯನ್ನೂ ಅವನು ತಪ್ಪಿಸಿಲ್ಲ.